ಮೋಟಾರಿನ ಗುಂಯ್ ಸದ್ದು: ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಅನುಕರಣ ಪಾಠ

ತರಗತಿ: 10
ಘಟಕ: ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು
ಅವಧಿ: 40 ನಿಮಿಷ
ಬೋಧನೋಪಕರಣಗಳು: ದಂಡಕಾಂತ, ಕಬ್ಬಿಣದ ಮೊಳೆ, ಸ್ಪ್ರೆಡ್‌ಶೀಟ್ ಇರುವ ಕಂಪ್ಯೂಟರ್

ಹಿನ್ನೆಲೆ

ವಿದ್ಯುತ್ ಮೋಟಾರಿನ ಪಾಠ ಸಾಮಾನ್ಯವಾಗಿ ಫ್ಲೆಮಿಂಗ್‌ನ ಎಡಗೈ ನಿಯಮ ಮತ್ತು ಒಂದು ಚಿತ್ರದೊಂದಿಗೆ ಮುಗಿಯುತ್ತದೆ. ಮೋಟಾರು ಏಕೆ ತಿರುಗುತ್ತದೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ. ಏಕೆ ಸದ್ದು ಮಾಡುತ್ತದೆ ಎಂಬುದು ಉಳಿದುಬಿಡುತ್ತದೆ. ಒಂಬತ್ತನೇ ತರಗತಿಯ ಶಬ್ದ ಪಾಠವನ್ನು ಈ ಘಟಕಕ್ಕೆ ಜೋಡಿಸಲು ಈ ಪ್ರಶ್ನೆ ಒಳ್ಳೆಯ ಕೊಂಡಿ. ಬೋಧನಾಭ್ಯಾಸದ ಅವಧಿಯಲ್ಲಿ ನಾನು ಅನುಸರಿಸಿದ ಹಂತಗಳು ಇವು.

ಹಂತ 1: ಊಹೆ

"ಮನೆಗೆ ಬರುವ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಫ್ಯಾನಿನ ಮೋಟಾರು ಯಾವ ಆವೃತ್ತಿಯಲ್ಲಿ ಗುಂಯ್‌ಗುಡುತ್ತದೆ?" ಉತ್ತರವನ್ನು ಪುಸ್ತಕದಲ್ಲಿ ಬರೆಸಬೇಕು. ಹೆಚ್ಚಿನವರು 50 ಎಂದೇ ಬರೆದರು.

ಹಂತ 2: ಮೊಳೆ

ದಂಡಕಾಂತದ ಉತ್ತರ ಧ್ರುವವನ್ನು ಮೊಳೆಯ ಬಳಿ ಹಿಡಿಯಿರಿ, ಬಳಿಕ ದಕ್ಷಿಣ ಧ್ರುವವನ್ನು. ಎರಡೂ ಸಲ ಮೊಳೆ ಕಾಂತದ ಕಡೆಗೇ ಬರುತ್ತದೆ. ಪರ್ಯಾಯ ವಿದ್ಯುತ್ ಪ್ರವಾಹ ಒಂದು ಆವರ್ತದಲ್ಲಿ ಎರಡು ಸಲ, ವಿರುದ್ಧ ದಿಕ್ಕುಗಳಲ್ಲಿ, ಗರಿಷ್ಠವಾಗುತ್ತದೆ. ಹಾಗಾದರೆ ಮೋಟಾರಿನೊಳಗಿನ ಕಬ್ಬಿಣಕ್ಕೆ ಸೆಕೆಂಡಿಗೆ ಎಷ್ಟು ಎಳೆತ? ಊಹೆಯನ್ನು ತಿದ್ದಲು ಇಲ್ಲಿ ಅವಕಾಶ ಕೊಡಬೇಕು.

ಹಂತ 3: ಬಲದ ಅನುಕರಣ

ಮೊದಲ ಕಂಬಸಾಲಿನಲ್ಲಿ 0ಯಿಂದ 40 ಮಿಲಿಸೆಕೆಂಡ್‌ವರೆಗೆ ಕಾಲ, ಎರಡನೆಯದರಲ್ಲಿ 50 ಹರ್ಟ್ಸ್‌ನ ಸೈನ್ ಅಲೆಯಾಗಿ ಕಾಂತಕ್ಷೇತ್ರ, ಮೂರನೆಯದರಲ್ಲಿ ಅದರ ವರ್ಗ. ಕಬ್ಬಿಣವನ್ನು ಎಳೆಯುವ ಬಲ ಕ್ಷೇತ್ರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಮೂರನೆಯ ಸಾಲೇ ಬಲ. 1 ಟೆಸ್ಲಾ ಕ್ಷೇತ್ರದಲ್ಲಿ ಈ ಎಳೆತ ಚದರ ಮೀಟರಿಗೆ ಸುಮಾರು 4 ಲಕ್ಷ ನ್ಯೂಟನ್, ಅಂದರೆ ವಾಯುಭಾರದ ಸುಮಾರು ನಾಲ್ಕು ಪಟ್ಟು. ನಕ್ಷೆಯಲ್ಲಿ 20 ಮಿಲಿಸೆಕೆಂಡಿಗೆ ಕ್ಷೇತ್ರದ ಅಲೆ ಒಂದು, ಬಲದ ಉಬ್ಬು ಎರಡು. ಉತ್ತರ 100 ಹರ್ಟ್ಸ್.

ಪಿಯು ಪ್ರಯೋಗಾಲಯದಲ್ಲಿ ಸೋನೋಮೀಟರಿನ ಉಕ್ಕಿನ ತಂತಿಯನ್ನು ವಿದ್ಯುತ್ಕಾಂತದಿಂದ ಕಂಪಿಸಿದಾಗ, ತಂತಿಯ ಆವೃತ್ತಿಯನ್ನು ಎರಡರಿಂದ ಭಾಗಿಸಿದ್ದು ಇದೇ ಕಾರಣಕ್ಕೆ.

ಹಂತ 4: ಕವಚದ ಕಂಪನ

ಬಲ ಅಷ್ಟೇ ಇದ್ದರೂ ಎಲ್ಲ ಮೋಟಾರುಗಳೂ ಒಂದೇ ಸಮ ಸದ್ದು ಮಾಡುವುದಿಲ್ಲ. ಕವಚವನ್ನು ಸ್ಪ್ರಿಂಗಿಗೆ ಕಟ್ಟಿದ ತೂಕವೆಂದು ಭಾವಿಸಿ ಈ ಸೂತ್ರವನ್ನು ಮೊದಲೇ ತುಂಬಿಡಬೇಕು:

ವರ್ಧನೆ = 1 ÷ √[(1 − ರ²)² + (0.1 × ರ)²]

ಇಲ್ಲಿ 'ರ' ಎಂದರೆ ಬಲದ ಆವೃತ್ತಿ ÷ ಕವಚದ ಸಹಜ ಆವೃತ್ತಿ. ಮಕ್ಕಳು ಸಹಜ ಆವೃತ್ತಿಯನ್ನಷ್ಟೇ ಬದಲಿಸುತ್ತಾರೆ: 50 ಹರ್ಟ್ಸ್ ಇಟ್ಟರೆ ವರ್ಧನೆ 0.33, 200 ಇಟ್ಟರೆ 1.33, 100 ಇಟ್ಟರೆ 10. ಉಯ್ಯಾಲೆಯನ್ನು ಸರಿಯಾದ ಲಯದಲ್ಲಿ ತೂಗಿದಂತೆ ಎಂದು ಅವರೇ ಹೇಳಬಲ್ಲರು.

ವಿಸ್ತರಣೆ

"ಮಿಸ್, ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಫ್ಯಾನ್ ಜಾಸ್ತಿ ಗುಂಯ್ ಅನ್ನುತ್ತಲ್ಲ, ಯಾಕೆ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಸರಳ ಇನ್ವರ್ಟರುಗಳ ಅಲೆ ಶುದ್ಧ ಸೈನ್ ಅಲ್ಲ. ಎರಡನೆಯ ಸಾಲಿಗೆ 150 ಹರ್ಟ್ಸ್‌ನ ಸಣ್ಣ ಅಲೆಯೊಂದನ್ನು ಕೂಡಿಸಿ ವರ್ಗ ಮಾಡಿದರೆ ಬಲದಲ್ಲಿ 100ರ ಜೊತೆಗೆ 200, 300 ಹರ್ಟ್ಸ್ ಕೂಡ ಸೇರಿಕೊಳ್ಳುತ್ತವೆ. ನಮ್ಮ ಕಿವಿ ಇವನ್ನು 100ಕ್ಕಿಂತ ಚೆನ್ನಾಗಿ ಗ್ರಹಿಸುತ್ತದೆ.

ವಿದ್ಯುತ್ ವಾಹನಗಳ ಮೋಟಾರು ವಿನ್ಯಾಸಕರೂ ಇದೇ ಸರಣಿಯಲ್ಲಿ ಲೆಕ್ಕ ಹಾಕುತ್ತಾರೆ: ಕ್ಷೇತ್ರ, ಬಲ, ಕವಚದ ಕಂಪನ, ಶಬ್ದ. ಎಂಜಿನ್ ಸದ್ದಿಲ್ಲದ ವಾಹನದಲ್ಲಿ ಮೋಟಾರಿನ ಕೀರಲು ಎದ್ದು ಕೇಳುವುದರಿಂದ, ಮೋಟಾರು ತಯಾರಾಗುವ ಮೊದಲೇ ಆ ಲೆಕ್ಕ ಬೇಕಾಗುತ್ತದೆ.

ಮಾದರಿಯ ಮಿತಿ

ಬೇರಿಂಗ್ ಸವೆತ, ರೆಕ್ಕೆಗಳ ಗಾಳಿಯ ಸದ್ದು ಈ ಮಾದರಿಯಲ್ಲಿಲ್ಲ. ಪಠ್ಯಪುಸ್ತಕದ ಮೋಟಾರು ಬ್ಯಾಟರಿಯದ್ದು. ಅದರಲ್ಲಿ ಬ್ರಷ್ ಮತ್ತು ಕಮ್ಯುಟೇಟರಿನ ಉಜ್ಜಾಟದ ಸದ್ದಿದೆಯೇ ಹೊರತು ಈ 100 ಹರ್ಟ್ಸ್ ಗುಂಯ್ ಇಲ್ಲ. ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆಯಲೇಬೇಕು.

ಮೌಲ್ಯಮಾಪನ

1. 60 ಹರ್ಟ್ಸ್ ವಿದ್ಯುತ್ ಇರುವ ದೇಶದಲ್ಲಿ ಫ್ಯಾನಿನ ಗುಂಯ್ ಆವೃತ್ತಿ ಎಷ್ಟು? ಕಾರಣ ಕೊಡಿ.
2. ಆ ದೇಶದಲ್ಲಿ ಕವಚದ ಸಹಜ ಆವೃತ್ತಿ ಎಷ್ಟಿದ್ದರೆ ಸದ್ದು ಅತಿ ಹೆಚ್ಚು?

ಸಹಪ್ರಶಿಕ್ಷಣಾರ್ಥಿಗಳಿಗೆ

ಹಂತಗಳ ಕ್ರಮ ಬದಲಿಸಬೇಡಿ. ನಕ್ಷೆಯನ್ನೇ ಮೊದಲು ತೋರಿಸಿದರೆ ಮಕ್ಕಳು ಅದನ್ನು ಸಿನಿಮಾದಂತೆ ನೋಡಿ ಮರೆಯುತ್ತಾರೆ. ಪುಸ್ತಕದಲ್ಲಿ ಬರೆದ 50 ಮತ್ತು ಕೈಯಲ್ಲಿನ ಮೊಳೆ ಮೊದಲು ಬಂದರೆ, ಪರದೆಯ ಮೇಲಿನ ಎರಡು ಉಬ್ಬುಗಳು ಅವರದೇ ಪ್ರಶ್ನೆಗೆ ಉತ್ತರವಾಗುತ್ತವೆ.