ನಡೆಯಲು ಹೊತ್ತೆಲ್ಲಿ?

ಅಕ್ಕಾ, ಈ ಪಾಠ ಓದುವ ಮುಂಚೆ ಒಂದು ಸಲ ಎದ್ದು ನಿಲ್ಲಿರಿ. ಸೊಂಟ ಹಿಡಿದಿದೆಯೇ? ಮೊಣಕಾಲು ನೋಯುತ್ತಿದೆಯೇ? ಹಾಗಾದರೆ ಈ ಪಾಠ ನಿಮ್ಮದೇ.

ಭಾಲ್ಕಿಯ ಒಬ್ಬ ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಬೆಳಗ್ಗೆ ಅಡಿಗೆ, ಮಕ್ಕಳ ಡಬ್ಬಿ. ಆಮೇಲೆ ಮಿಷಿನ್ ಮುಂದೆ ಕೂತರೆ ಸಂಜೆವರೆಗೆ ಏಳುವುದಿಲ್ಲ.

"ಟೀಚರ್, ಡಾಕ್ಟರು ದಿನಾ ಅರ್ಧ ತಾಸು ನಡೀರಿ ಅಂದಾರ. ನನಗೆಲ್ಲಿ ಅರ್ಧ ತಾಸು ಸಿಗ್ತದರಿ?" ಎಂದಳು.

ಇಬ್ಬರೂ ಕೂತು ಅವಳ ದಿನವನ್ನು ಪಾಟಿಯ ಮೇಲೆ ಬರೆದೆವು. ನಿಜ, ಅರ್ಧ ತಾಸು ಒಟ್ಟಿಗೆ ಎಲ್ಲೂ ಇರಲಿಲ್ಲ. ಆದರೆ ಹತ್ತು ನಿಮಿಷ ಮೂರು ಕಡೆ ಸಿಕ್ಕಿತು. ಮಗನನ್ನು ಶಾಲೆಗೆ ಬಿಟ್ಟು ಬರುವಾಗ 10. ದಾರ, ಗುಂಡಿ ತರಲು ಪೇಟೆಗೆ ಆಟೋ ಬಿಟ್ಟು ನಡೆದರೆ 10. ಸಂಜೆ ಗೆಳತಿಯ ಜೊತೆ ಓಣಿಯಲ್ಲಿ 10.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಹೀಗೆಯೇ. ದೊಡ್ಡವರಿಗೆ ವಾರಕ್ಕೆ ಕಡಿಮೆ ಎಂದರೂ 150 ನಿಮಿಷ ಚುರುಕು ನಡಿಗೆ ಬೇಕು, ಇಲ್ಲವೇ ಅಂಥದೇ ಶ್ರಮ ಬೇಕು. ತುಸು ತುಸು ನಡೆದರೂ ಲೆಕ್ಕಕ್ಕೆ ಬರುತ್ತದೆ. ಚುರುಕು ಎಂದರೆ ಎಷ್ಟು? ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು!

ನಡೆದಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಸ್ನಾಯು ಗಟ್ಟಿಯಾದರೆ ಮೊಣಕಾಲಿಗೂ ಆಸರೆ.

ಇದನ್ನು ಔರಾದದಲ್ಲಿ ಹೇಳಿದಾಗ ಒಬ್ಬ ತಾಯಿ ನಕ್ಕಳು. "ನಾ ದಿನಾ ಹೊಲಕ್ಕ ನಡದೇ ಹೋಗ್ತೀನಿ. ದಿನವಿಡೀ ಬಗ್ಗಿ ಕಳೆ ತಗೀತೀನಿ. ನನಗೂ ವ್ಯಾಯಾಮ ಬೇಕೇನು?"

ಅವಳ ಮಾತು ಸರಿ. ಅವಳಿಗೆ ಬೇಕಾದದ್ದು ಇನ್ನಷ್ಟು ನಡಿಗೆಯಲ್ಲ. ತಾಸಿಗೊಮ್ಮೆ ನೆಟ್ಟಗೆ ನಿಲ್ಲಬೇಕು. ಸೊಂಟದ ಮೇಲೆ ಕೈ ಇಟ್ಟು ಮೆಲ್ಲಗೆ ಹಿಂದಕ್ಕೆ ಬಾಗಬೇಕು. ಮಧ್ಯಾಹ್ನ ನೆರಳಲ್ಲಿ ಕೂತು ನೀರು ಕುಡಿಯಬೇಕು. ನಮ್ಮ ಜಿಲ್ಲೆಯ ಬೇಸಿಗೆ ಗೊತ್ತಲ್ಲ, ಬಿಸಿಲು 40 ಡಿಗ್ರಿ ದಾಟುತ್ತದೆ. ನಡೆಯುವವರೂ ಆಗ ಬೆಳಗಿನ ತಂಪಿನಲ್ಲೇ ಮುಗಿಸಬೇಕು.

ಇನ್ನೊಂದು ಮಾತು. ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆಯೇ? ಕಣ್ಣು ಕತ್ತಲೆಯಾಗುತ್ತದೆಯೇ? ಅದನ್ನು ಸೋಮಾರಿತನ ಎನ್ನಬೇಡಿ. ಮೈಯಲ್ಲಿ ರಕ್ತ ಕಡಿಮೆ ಇರಬಹುದು. ಸರ್ಕಾರಿ ದವಾಖಾನೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆ ಇದ್ದರೆ ಮೊದಲು ಔಷಧ, ಆಮೇಲೆ ನಡಿಗೆ. ಎದೆ ನೋವು ಬಂದರೆ ತಡ ಮಾಡದೆ ಡಾಕ್ಟರ ಬಳಿ ಹೋಗಿ.

ಬೀದರ ನಗರದಲ್ಲಿ ಹೆಂಗಸರು ಕೇಳಿದ್ದೇ ಬೇರೆ. "ಈಕಿಗಿ ಮನ್ಯಾಗ ಕೆಲಸ ಇಲ್ಲೇನು ಅಂತಾರ್ರೀ ಮಂದಿ!"

ಅನ್ನುತ್ತಾರೆ. ನನಗೂ ಅಂದಿದ್ದಾರೆ. ಗಂಡಸರು ಚಹಾದಂಗಡಿಗೆ ಹೋಗಿ ಬರಲು ಯಾರ ಅಪ್ಪಣೆ ಕೇಳುತ್ತಾರೆ? ಆದರೂ ಒಬ್ಬಳೇ ಹೊರಡುವುದು ಕಷ್ಟ. ನಾವು ನಾಲ್ವರು ಕೂಡಿ ಹೊರಟೆವು. ದೀಪ ಇರುವ, ಜನ ಓಡಾಡುವ ರಸ್ತೆ ಆರಿಸಿಕೊಂಡೆವು. ರವಿವಾರ ಕೋಟೆಯ ಕಡೆ ಹೋದೆವು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ಕಟ್ಟಿಸಿದ ಕೋಟೆ ಅದು. ನಮ್ಮಲ್ಲಿ ಒಬ್ಬಾಕೆ ಹುಟ್ಟಿದ್ದೇ ಬೀದರದಲ್ಲಿ. ಕೋಟೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು!

ಈಗ ನೀವು ಬರೆಯಿರಿ:
ನಿನ್ನೆ ನೀವು ಎಷ್ಟು ಹೊತ್ತು ಕೂತಿರಿ? ಎಷ್ಟು ಹೊತ್ತು ಬಗ್ಗಿದಿರಿ?
ನಿಮ್ಮ ದಿನದಲ್ಲಿ ಹತ್ತು ನಿಮಿಷ ಎಲ್ಲೆಲ್ಲಿ ಇದೆ?
ನಿಮ್ಮ ಜೊತೆ ನಡೆಯುವ ಇಬ್ಬರು ಗೆಳತಿಯರ ಹೆಸರು.