ಊರಿಗೊಂದು ಹೊತ್ತು

ಹಾವೇರಿ ಜಿಲ್ಲೆ ಸುತ್ತಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಕಿಲೋಮೀಟರ್ ನೋಡಿ ಊರು ಜೋಡಿಸಬೇಡಿ, ಹೊತ್ತು ನೋಡಿ ಜೋಡಿಸಿ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಗಳು ಬೆಳಗಿನಿಂದ ಸಂಜೆಯೊಳಗೆ ದಕ್ಕುವಷ್ಟು ಹತ್ತಿರದಲ್ಲಿವೆ. ನಮ್ಮದು ಹಳೇ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿದ್ದೇವೆ. ಮಲಗಿದ ಜಾಗದಲ್ಲೇ ಬೆಳಗಾಗುತ್ತದೆ ಎಂಬುದೇ ಇದರ ದೊಡ್ಡ ಲಾಭ.

ಆ ಲಾಭ ತಿಳಿಯುವುದು ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ. ಇಲ್ಲಿನ ನವಿಲುಧಾಮ ಇರುವುದು ಹಳೇ ಕೋಟೆಯ ಕಂದಕದಲ್ಲಿ. ನಸುಕಿನಲ್ಲಿ ಬಯಲಿಗೆ ಬರುವ ನವಿಲುಗಳು ಬಿಸಿಲೇರಿದಂತೆ ಮುಳ್ಳುಕಂಟಿ ಸೇರುತ್ತವೆ. ತಿಂಡಿ ಮುಗಿಸಿ ಬರುವವರ ಪಾಲಿಗೆ ಉಳಿಯುವುದು ಕೂಗು ಮಾತ್ರ. ಕೋಟೆಯೊಳಗಿನ ನಗರೇಶ್ವರ ಗುಡಿಗೆ ಊರವರು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಎಳೆಬಿಸಿಲು ಓರೆಯಾಗಿ ಬಿದ್ದಾಗಲೇ ಆ ಕಂಬಗಳ ನುಣುಪು, ಅಂಚಿನ ಕೊರೆತ ಎದ್ದು ಕಾಣುತ್ತವೆ. ಗಂಗರ ಮಾರಸಿಂಹ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡು 974ರ ಸುಮಾರಿಗೆ ದೇಹ ಬಿಟ್ಟದ್ದು ಇದೇ ಬಂಕಾಪುರದಲ್ಲಿ.

ಸವಣೂರಿಗೆ ಅಂಗಡಿ ತೆರೆಯುವ ಹೊತ್ತು ಒಳ್ಳೆಯದು. ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆಯಿರಿ. ನವಾಬರ ಕಾಲದ ಓಣಿಗಳಲ್ಲಿ ಎತ್ತರದ ಗಾಡಿಗೆ ವೈರುಗಳೇ ವೈರಿ. ವೀಳ್ಯದೆಲೆ ತಾಜಾ ಇರುವುದು ಆಗಲೇ; ಜೊತೆಗೆ ಸವಣೂರ ಖಾರದ ಪೊಟ್ಟಣ ಕಟ್ಟಿಸಿಕೊಂಡರೆ ಹಾದಿಯ ಹಸಿವಿಗಾಯಿತು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರಿದು. ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ಹೆಸರು ಹುಣಸೆಯಾದರೂ ಅವು ಆಫ್ರಿಕಾ ಮೂಲದ ಬಾವೋಬಾಬ್. 2023ರ ಮಳೆಗಾಲದಲ್ಲಿ ಉರುಳಿದ ಒಂದನ್ನು ಎತ್ತಿ ಮತ್ತೆ ನೆಟ್ಟರು. ಬುಡದ ಸುತ್ತ ಒಮ್ಮೆ ನಡೆದು ಬಂದರೇನೇ ಆ ಕೆಲಸ ಎಂಥದ್ದೆಂದು ಅಂದಾಜಾಗುವುದು.

ಬಂಕಾಪುರದ ಮೇಲೆಯೇ ಮರಳಿ ಹಾನಗಲ್ಲಿಗೆ. ತಗಡಿನ ಮಾಡಿನ ಗಾಡಿ ನಡುಹಗಲಲ್ಲಿ ರೊಟ್ಟಿಹಂಚಿನಂತೆ ಕಾಯುತ್ತದೆ. ಆ ಹೊತ್ತಿಗೆ ತಾರಕೇಶ್ವರ ಗುಡಿಗಿಂತ ಒಳ್ಳೆಯ ತಾವಿಲ್ಲ. ಹನ್ನೆರಡನೇ ಶತಮಾನದ ಕಲ್ಲಿನ ಮಂಟಪ, ಒಳಗೆ ತಂಪು. ಹೊರಗಿನ ನೆಲಕ್ಕೆ ಬಡಿದ ಬಿಸಿಲು ತೆರೆದ ಬದಿಗಳಿಂದ ಒಳಬಂದು ಮೇಲಕ್ಕೇಳುವುದರಿಂದ ಛತ್ತಿನ ದೊಡ್ಡ ಕಮಲ ಟಾರ್ಚಿಲ್ಲದೆ ಕಾಣುತ್ತದೆ. ಮಧ್ಯಾಹ್ನವೆಂದರೆ ಪ್ರವಾಸದಲ್ಲಿ ಹಾಳಾಗುವ ಹೊತ್ತು ಎಂಬ ನನ್ನ ಎಣಿಕೆಯನ್ನು ಬದಲಿಸಿದ ಗುಡಿ ಇದು. ಶಿವಯೋಗಮಂದಿರ ಕಟ್ಟಿದ ಕುಮಾರ ಸ್ವಾಮಿಗಳ ವಿರಕ್ತಮಠವೂ ಈ ಊರಲ್ಲೇ ಇದೆ. ಮುಂದಿನ ಹಾದಿಗೆ ನೀರನ್ನು ಇಲ್ಲೇ ತುಂಬಿಕೊಳ್ಳಿ. ನಲ್ಲಿ ಕಂಡರೂ ಯಾರನ್ನಾದರೂ ಕೇಳಿಯೇ ಪೈಪು ಹಚ್ಚಿ. ಕೇಳಿದವರಿಗೆ ಈ ಸೀಮೆಯಲ್ಲಿ ನೀರಿನ ಜೊತೆ ಚಹಾವೂ ಸಿಗುತ್ತದೆ.

ಹಿರೇಕೆರೂರ ಕಡೆ ಇಳಿಹೊತ್ತು. ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಶಾಸನದಲ್ಲೂ ಇದೆ, ಶಿಲ್ಪದಲ್ಲೂ ಇದೆ. ಸರ್ವಜ್ಞನ ಹೆಸರೂ ಈ ಊರಿನೊಂದಿಗೆ ಬೆಸೆದಿದೆ. ಕೊನೆಗೆ ಮಾಸೂರಿನ ಬಳಿಯ ಮದಗದ ಕೆರೆ: ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ಏರಿ ಹಾಕಿ ಹಿಂದಿನವರು ನಿಲ್ಲಿಸಿದ ನೀರು. ಏರಿಯ ಮೇಲೆ ನಡೆದು ನೋಡಿ, ಗಾಡಿ ಹತ್ತಿಸಬೇಡಿ. ರಾತ್ರಿ ಕೆರೆ ದಂಡೆಯಲ್ಲಿ ತಂಗುವ ಆಸೆ ಬಿಟ್ಟು, ದೀಪವಿರುವ ಊರಿಗೋ ಪೆಟ್ರೋಲ್ ಬಂಕಿಗೋ ಹೋಗಿ, ಕೇಳಿ ನಿಲ್ಲಿಸಿ. ಕಸ ಗಾಡಿಯಲ್ಲೇ ಇರಲಿ.

ಹೀಗೆ ಹೊತ್ತಿನ ಲೆಕ್ಕ ಹಿಡಿದರೆ ಕೆಲವು ಊರು ಬಿಡಲೇಬೇಕಾಗುತ್ತದೆ. ಶರೀಫರ ಶಿಶುನಾಳ, ಕನಕದಾಸರ ಬಾಡ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮೂರೂ ಶಿಗ್ಗಾಂವಿ ತಾಲ್ಲೂಕಿನವೇ. ಅವಕ್ಕೊಂದು ಬೇರೆ ದಿನ ಇಡಿ. ಇದೇ ದಿನಕ್ಕೆ ತುರುಕಿದರೆ ಮೊದಲು ತಪ್ಪುವುದು ಹಾನಗಲ್ಲಿನ ಮಧ್ಯಾಹ್ನ.