ಬಟ್ಟೆ ಕಡಲು ದಾಟುತ್ತದೆ, ಸಂಘವೂ ದಾಟಬೇಕು



ಪೀಣ್ಯ, ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ನಮ್ಮ ಸಂಘಗಳಲ್ಲಿ ಬಹಳ ಜನ ಇದ್ದಾರೆ. ಅವರು ಹೊಲಿದ ಅಂಗಿಗೆ ಹೊರದೇಶದ ಲೇಬಲ್ ಬೀಳುತ್ತದೆ. ಆರ್ಡರ್, ದರ, ಗಡುವು ಎಲ್ಲಾ ತೀರ್ಮಾನ ಆಗೋದು ಅಲ್ಲೇ. ಹಾಗಾದರೆ ಕೆಲಸ ಹೋದಾಗ ಯಾರನ್ನು ಕೇಳುವುದು?

ಶ್ರೀರಂಗಪಟ್ಟಣದಲ್ಲಿ ಏನಾಯಿತು?

ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಗೆ ಶ್ರೀರಂಗಪಟ್ಟಣದಲ್ಲಿ ಒಂದು ಕಾರ್ಖಾನೆ ಇತ್ತು. ಅಲ್ಲಿ ಸ್ವೀಡನ್ ದೇಶದ ಎಚ್ ಅಂಡ್ ಎಂ ಕಂಪನಿಗೆ ಬಟ್ಟೆ ತಯಾರಾಗುತ್ತಿತ್ತು. ಕೊರೊನಾ ಕಾಲ, 2020ರ ಜೂನ್ ತಿಂಗಳು. ಯಂತ್ರಗಳನ್ನು ಹೊರಗೆ ಸಾಗಿಸುವುದು ಕಾರ್ಮಿಕರ ಕಣ್ಣಿಗೆ ಬಿತ್ತು. ಸುಮಾರು 1,200 ಜನರ ಕೆಲಸ ಹೋಯಿತು. ಹೆಚ್ಚಿನವರು ಹೆಂಗಸರು. ಆರ್ಡರ್ ಇಲ್ಲ ಎಂದಿತು ಕಂಪನಿ. ಸರ್ಕಾರದ ಅನುಮತಿ ಇಲ್ಲದೆ ಹೀಗೆ ಮಾಡುವಂತಿಲ್ಲ ಎಂದಿತು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಹೆಂಗಸರು ವಾರಗಟ್ಟಲೆ ಧರಣಿ ಕೂತರು.

ಹೊರಗಿನ ಬಲ ಹೇಗೆ ಬಂತು?

ನಮ್ಮ ಸ್ವಸಹಾಯ ಸಂಘಗಳು ಸೇರಿ ಒಕ್ಕೂಟ ಆಗುತ್ತವಲ್ಲ, ಹಾಗೆಯೇ ಅನೇಕ ದೇಶಗಳ ಕಾರ್ಮಿಕ ಸಂಘಗಳು ಸೇರಿ 2012ರಲ್ಲಿ 'ಇಂಡಸ್ಟ್ರಿಆಲ್' ಎಂಬ ಒಕ್ಕೂಟ ಕಟ್ಟಿದವು. ಅದರ ಕಚೇರಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದೆ. ಈ ಒಕ್ಕೂಟ ಮತ್ತು ಸ್ವೀಡನ್ನಿನ ಐಎಫ್ ಮೆಟಲ್ ಸಂಘ 2015ರಲ್ಲಿ ಎಚ್ ಅಂಡ್ ಎಂ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲೂ ಸಂಘ ಕಟ್ಟುವ ಹಕ್ಕನ್ನು ಗೌರವಿಸಬೇಕು ಎಂಬುದು ಅದರ ಮಾತು. ಶ್ರೀರಂಗಪಟ್ಟಣದವರು ಈ ಬಾಗಿಲು ತಟ್ಟಿದರು. ಸುಮಾರು ಎಂಟು ತಿಂಗಳ ನಂತರ, 2021ರ ಆರಂಭದಲ್ಲಿ, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳಲು, ಸಂಘದ ಜೊತೆ ಮಾತುಕತೆ ನಡೆಸಲು ಗೋಕಲ್‌ದಾಸ್ ಒಪ್ಪಿ ಸಹಿ ಹಾಕಿತು.

ಎಂಟು ತಿಂಗಳು ಸಂಬಳ ಇಲ್ಲದೆ ಮನೆ ನಡೆಸುವುದು ಎಂಥ ಕಷ್ಟ ಅಂತ ನಮಗೆ ಗೊತ್ತು. ಗೆಲುವು ಸುಮ್ಮನೆ ಬರಲಿಲ್ಲ.

ನಾವು ಕಲಿಯುವ ಪಾಠ

ಹೊರದೇಶದವರು ತಾವಾಗಿ ಬಂದು ಕಾಪಾಡಲಿಲ್ಲ. ಇಲ್ಲಿ ಸಂಘ ಇತ್ತು, ಸದಸ್ಯರು ಗೇಟಿನ ಮುಂದೆ ಕೂತಿದ್ದರು. ಅದಕ್ಕೇ ಅಲ್ಲಿಯವರ ಮಾತಿಗೆ ತೂಕ ಬಂತು. ಬೇರು ಇಲ್ಲಿದ್ದರೆ ತಾನೇ ಕೊಂಬೆ ಕಡಲಾಚೆ ಚಾಚೋದು?

ಸಭೆಯಲ್ಲಿ ಚರ್ಚಿಸಿ:

1. ನೀವು ಹೊಲಿಯುವ ಬಟ್ಟೆಯ ಲೇಬಲ್ ಯಾವುದು? ಅದು ಯಾವ ದೇಶದ ಕಂಪನಿ?
2. ನಿಮ್ಮ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಇದೆಯೇ? ಇಲ್ಲದಿದ್ದರೆ ಏಕೆ?
3. ಧರಣಿ ಕೂತ ಸದಸ್ಯೆಯ ಮನೆಗೆ ನಮ್ಮ ಸಂಘದ ಉಳಿತಾಯ ಹೇಗೆ ಆಸರೆಯಾಗಬಹುದು?